ಹದಿನಾಲ್ಕನೇ ಹೊಲ

ತಿಗನಾರೆಯ ಶಿವಮಲ್ಲಮ್ಮನಿಗೆ ಸ್ವಂತದ್ದು ಅಂತ ಒಂದು ಗೇಣು ನೆಲವಿಲ್ಲ. ಆದರೆ ಆ ಊರ ಸುತ್ತಲಿನ ಹೊಲಗಳನ್ನು ಅವಳಷ್ಟು ಬಲ್ಲವರೂ ಇಲ್ಲ. ಹದಿನಾರಕ್ಕೆ ಮದುವೆಯಾಗಿ ಬಂದವಳು ಮರುವಾರವೇ ಕೂಲಿಗೆ ಇಳಿದಳು, ಈಗ ಅರವತ್ತೇಳು. ಯಾವ ಹೊಲದ ಮಣ್ಣು ಕಾಲಿಗೆ ಮೆತ್ತಿಕೊಳ್ಳುತ್ತದೆ, ಯಾವ ಬದುವಿನಲ್ಲಿ ಹಾವಿರುತ್ತದೆ, ಯಾವ ಯಜಮಾನ ಆಳುಗಳ ಮಜ್ಜಿಗೆಗೆ ಒಂದು ಚೊಂಬು ನೀರು ಹೆಚ್ಚಿಗೆ ಹೊಯ್ಯುತ್ತಾನೆ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಪೆಟ್ಟಿಗೆಯಲ್ಲಿ ಹೊಲದ ಪಟ್ಟಾ ಪತ್ರ ಇಟ್ಟುಕೊಂಡು ತಾಳವಾಡಿ ಪೇಟೆಯಲ್ಲಿ ಮನೆ ಮಾಡಿದ್ದವರಿಗೆ ಇದರಲ್ಲಿ ಅರ್ಧವೂ ಗೊತ್ತಿರಲಿಲ್ಲ. ಹನ್ನೆರಡು ಹೆಂಗಸರ ಗುಂಪಿಗೆ ಇಪ್ಪತ್ತು ವರ್ಷ ಅವಳೇ ಮೇಸ್ತ್ರಿ. ಅವಳು ಸೊಂಟ ನೆಟ್ಟಗೆ ಮಾಡಿದರೆ ಮಾತ್ರ ಉಳಿದವರು ಮಾಡಬೇಕು, ಅಂಥ ಜಬರದಸ್ತು.

ಗಂಡ ಮಾದೇವ ಕೂಲಿಯವನೇ, ಆದರೆ ಅವನ ಕೂಲಿ ಬೇರೆ ಥರದ್ದು. ಕಾಡಂಚಿನ ಕೊನೇ ಹೊಲದಲ್ಲಿ, ಮರದ ಮೇಲೆ ಕಟ್ಟಿದ ಅಟ್ಟಣೆಯಲ್ಲಿ ಕೂತು ಮೂವತ್ತು ವರ್ಷ ಬೆಳೆ ಕಾದ. ಬೇರೆ ಕಾವಲಿನವರು ಆನೆ ಬಂದರೆ ಮೇಲಿಂದಲೇ ಪಟಾಕಿ ಎಸೆಯುತ್ತಿದ್ದರು. ಈ ಮಹಾಶಯ ಮಾತ್ರ ತಗಡಿನ ಡಬ್ಬ ಹಿಡಿದು ಕೆಳಗಿಳಿದುಬಿಡುತ್ತಿದ್ದ. ಬಾರಿಸುತ್ತ, ಕೂಗುತ್ತ ಎದುರಿಗೇ ನಡೆಯುವುದು. ಧೈರ್ಯವೋ ತಿಕ್ಕಲೋ, ಊರವರು ಎರಡನ್ನೂ ಹೇಳುತ್ತಿದ್ದರು. ಶಿವಮಲ್ಲಮ್ಮ ಎರಡನೆಯದನ್ನೇ ಹೇಳುತ್ತಿದ್ದಳು, ಹೇಳುತ್ತಲೇ ದಿನಾ ಹೊತ್ತು ಇಳಿಯುವ ಮೊದಲು ಬುತ್ತಿ ಒಯ್ದು ಕೊಡುತ್ತಿದ್ದಳು.

ಎರಡು ವರ್ಷದಿಂದ ಮಾದೇವನಿಗೆ ಮರೆವು. ಉಂಡ ಕೈ ಒಣಗುವ ಮೊದಲೇ ಊಟ ಕೇಳುವುದು, ಸ್ವಂತ ಮಗ ಸ್ವಾಮಿಯನ್ನು ನೋಡಿ ‘ಯಾವೂರಪ್ಪ ನಿಂದು’ ಅನ್ನುವುದು. ಅಷ್ಟಾಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ಆದರೆ ಎಲ್ಲ ಮರೆತ ಆ ತಲೆಯಲ್ಲಿ ಕಾವಲು ಮಾತ್ರ ಹಾಗೇ ಕೂತಿತ್ತು. ಯಾರಾದರೂ ಆನೆ ಅಂದರೆ ಸಾಕು, ಕೈಗೆ ಸಿಕ್ಕ ಪಾತ್ರೆ ಹಿಡಿದು ಹೊರಟೇಬಿಡುವನು. ಸಂಕ್ರಾಂತಿ ಆದ ಮೇಲೆ ಒಂದು ಬೆಳಿಗ್ಗೆ ಹಾಗೆ ಹೋದವನನ್ನು ಫಾರೆಸ್ಟಿನವರು ಜೀಪಿನಲ್ಲಿ ಕರೆತಂದು ಬಿಟ್ಟರು. ಮರಿಯಿದ್ದ ಹಿಂಡಿಗೆ ನೂರು ಮಾರು ದೂರದಲ್ಲಿ ಹಾಲಿನ ಚೊಂಬು ಬಾರಿಸುತ್ತ ನಿಂತಿದ್ದನಂತೆ. ಅವತ್ತೇ ಸ್ವಾಮಿ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಸಿದ.

‘ಅವರೇನು ದನವಾ ಕಟ್ಟಾಕಕೆ?’ ಎಂದು ಶಿವಮಲ್ಲಮ್ಮ ಜಗಳ ತೆಗೆದಳು.

‘ಇನ್ನೊಂದ್ಸಲ ಅಂಗೋದ್ರೆ ಜೀಪಲ್ಲಿ ಬರಾಕಿಲ್ಲ ಕಣವ್ವ’ ಅಂದ ಸ್ವಾಮಿ.

ಕಡೆಗೆ ಮಧ್ಯಾಹ್ನ ಮೂರರಿಂದ ಐದರವರೆಗೆ ಮಾತ್ರ ಚಿಲಕ ತೆಗೆಯುವುದೆಂದಾಯಿತು. ಅದು ಆಟದ ಹೊತ್ತು.

ಆ ಆಟ ಶುರು ಮಾಡಿದ್ದು ಪರಿಮಳ. ಮನೆಮನೆಗೆ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಕೊಡಲು ಸ್ಕೂಟರಿನಲ್ಲಿ ಬರುವ ಹೆಣ್ಣುಮಗಳು. ವಯಸ್ಸಾದವರನ್ನು ದುಂಡಗೆ ಕುರ್ಚಿಯಲ್ಲಿ ಕೂರಿಸಿ ಚೆಂಡು ದಾಟಿಸುವ ಆಟ ಆಡಿಸಬೇಕು, ಕೂತಲ್ಲೇ ಆಡಿದರೆ ಬೀಳುವ ಭಯವಿಲ್ಲ, ಕೈಕಾಲು ಸಡಿಲವಾಗುತ್ತದೆ, ತಲೆಗೂ ಕೆಲಸ ಸಿಗುತ್ತದೆ ಎಂದು ಎಲ್ಲೋ ತರಬೇತಿ ಪಡೆದು ಬಂದಿದ್ದಳು. ಊರ ಸಮುದಾಯ ಭವನದ ಪಡಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, ಕೆಂಪು ಚೆಂಡು ತಂದು, ಚೆಂಡು ಬಂದವರು ಒಂದು ಎರಡು ಎಣಿಸಬೇಕೆಂದಳು.

‘ನಾವೇನವ್ವ, ಬಾಲವಾಡಿ ಐಕ್ಳಾ?’ ಎಂದು ಚಿಕ್ಕಬಸಮ್ಮ ಎದ್ದು ಹೋದಳು. ಶಿವಮಲ್ಲಮ್ಮನ ಗುಂಪಿನಲ್ಲೇ ಕಳೆ ಕಿತ್ತು ಮುದುಕಿಯಾದವಳು ಅವಳು, ಬಾಯಿಗೆ ಬೀಗವಿಲ್ಲ. ಉಳಿದವರಿಗೂ ನಾಚಿಕೆ. ಮೂರನೇ ದಿನಕ್ಕೆ ಕುರ್ಚಿಗಳೆಲ್ಲ ಖಾಲಿ.

ಆಗ ಮೇಸ್ತ್ರಿ ಕೈ ಹಾಕಿದಳು. ಊರ ಸುತ್ತ ಹದಿನಾಲ್ಕು ಹೊಲ. ಕಟ್ಟೆ ಹೊಲದಿಂದ ಹೊರಟರೆ ಕಾಡಂಚಿನ ಅಟ್ಟಣೆ ಹೊಲಕ್ಕೆ ಸುತ್ತು ಮುಗಿಯುತ್ತದೆ. ಚೆಂಡು ಬಂದವರು ಅದನ್ನು ಮಡಿಲಿಗಿಟ್ಟುಕೊಂಡು ಸಾಲಿನಲ್ಲಿ ಮುಂದಿನ ಹೊಲದ ಹೆಸರು ಹೇಳಬೇಕು, ಅಲ್ಲಿಯ ಕೆಲಸವನ್ನು ಕೂತಲ್ಲೇ ಮಾಡಬೇಕು, ಉಳಿದವರೆಲ್ಲ ಜೊತೆಗೆ ಮಾಡಬೇಕು. ಕಟ್ಟೆ ಹೊಲಕ್ಕೆ ರಾಗಿ ಕೊಯ್ಲು: ಎಡಗೈಯಲ್ಲಿ ಹಿಡಿ, ಬಲಗೈಯಲ್ಲಿ ಎಳೆತ. ಬಾವಿ ಹೊಲಕ್ಕೆ ನೀರು ಸೇದುವುದು, ರಟ್ಟೆ ನೋಯುವವರೆಗೆ. ಚೆಂಡು ಹೂವಿನ ಹೊಲಕ್ಕೆ ಬೆರಳ ತುದಿಯಲ್ಲಿ ಹೂ ಬಿಡಿಸುವುದು. ಅರಿಶಿನದ ಹೊಲಕ್ಕೆ ಹಿಮ್ಮಡಿಯಿಂದ ನೆಲ ಗುದ್ದುವುದು. ಕೊನೆಯ ಅಟ್ಟಣೆ ಹೊಲಕ್ಕೆ ಡಬ್ಬ ಬಾರಿಸಿದಂತೆ ತೊಡೆ ಬಡಿದು, ಉಸಿರು ಇರುವಷ್ಟೂ ಓ ಎಂದು ಕೂಗುವುದು. ತಪ್ಪು ಹೇಳಿದರೆ ಪಕ್ಕದವರು ಮತ್ತೆ ಮೊದಲನೇ ಹೊಲದಿಂದ ಶುರು ಮಾಡಬೇಕು. ಸುತ್ತು ಮುಗಿಯುವವರೆಗೆ ಯಾರೂ ಏಳಬಾರದು.

ಯಾರದೋ ಹೊಲದಲ್ಲಿ ಬದುಕೆಲ್ಲ ಬಗ್ಗಿದವರಿಗೆ ಈಗ ಕುರ್ಚಿಯಲ್ಲಿ ಕೂತು ಅದೇ ಹೊಲಗಳನ್ನು ಸುತ್ತುವುದು ಎಂಥದೋ ಖುಷಿ ಕೊಟ್ಟಿತು. ಚಿಕ್ಕಬಸಮ್ಮ ತಾನಾಗೇ ಬಂದು ಕೂತಳು. ಯಾರಾದರೂ ತಪ್ಪಿದರೆ ‘ಇವತ್ ಕೂಲಿ ಇಲ್ಲ ಕಣ ನಿಂಗೆ’ ಅನ್ನುವುದು ಅವಳ ಕೆಲಸವಾಯಿತು. ತಪ್ಪದೇ ಇದ್ದವರು ಇಬ್ಬರೇ. ಒಬ್ಬಳು ಶಿವಮಲ್ಲಮ್ಮ, ಇನ್ನೊಬ್ಬ ಮಾದೇವ. ಮಗನ ಹೆಸರು ಮರೆತವನು ಹದಿನಾಲ್ಕು ಹೊಲಗಳನ್ನು ಒಂದೂ ಬಿಡದೆ ಹೇಳುವಾಗ ಶಿವಮಲ್ಲಮ್ಮ ಬೇರೆ ಕಡೆ ನೋಡುತ್ತ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಒಂದು ತೊಡಕಿತ್ತು. ಅಟ್ಟಣೆ ಹೊಲದ ಹೆಸರು ಬಂದು ಎಲ್ಲರೂ ಓ ಎಂದರೋ, ಮಾದೇವ ತಟಕ್ಕನೆ ಏಳುವನು. ಕಾವಲಿಗೆ ಹೊತ್ತಾಯಿತು ಅವನ ಲೆಕ್ಕದಲ್ಲಿ. ದಿನಾ ಅವಳು ‘ನಾನೂ ಬತ್ತೀನಿ ತಡೀರಿ’ ಎಂದು ಕೈ ಹಿಡಿದು, ದಾರಿ ತಪ್ಪಿಸಿ, ಮನೆಗೆ ಕರೆದೊಯ್ಯುತ್ತಿದ್ದಳು. ಅವನು ಅವಳು ಎಳೆದ ಕಡೆ ಬರುತ್ತಿದ್ದ.

ಅದು ಮಾರ್ಚ್ ತಿಂಗಳ ಕೊನೆ. ಹಳ್ಳಕೊಳ್ಳ ಒಣಗಿ ಕಾಡಿನಲ್ಲಿ ನೀರಿರಲಿಲ್ಲ. ಅವತ್ತು ಒಂಬತ್ತು ಜನ ಕೂತಿದ್ದರು. ಮಾದೇವನನ್ನು ಯಾವಾಗಲೂ ಬೀದಿಗೆ ಬೆನ್ನು ಮಾಡಿ ಕೂರಿಸುವುದು. ಅವನ ಎಡಕ್ಕೆ ಶಿವಮಲ್ಲಮ್ಮ, ಬಲಕ್ಕೆ ಕಿವಿ ಮಂದವಾದ ಚಿಕ್ಕಮಾದ. ಚಿಕ್ಕಮಾದ ಹಳೇ ಉಳುಮೆಗಾರ, ತನಗೆ ಕೇಳಿಸದ್ದರಿಂದ ಊರಿಗೂ ಕೇಳಿಸುವುದಿಲ್ಲ ಎಂದುಕೊಂಡು ಕೂಗಿ ಮಾತಾಡುವವನು. ಮೊದಲ ಸುತ್ತಿನಲ್ಲಿ ಚೆಂಡು ಒಂಬತ್ತನೇ ಹೊಲಕ್ಕೆ ಬಂದಿದ್ದಾಗ ಪರಿಮಳಳ ಫೋನು ಗುರ್ ಎಂದಿತು. ಅವಳು ಕಿವಿಗಿಟ್ಟುಕೊಂಡಳು, ಕಣ್ಣು ಮಾದೇವನ ಬೆನ್ನಾಚೆ ನೆಟ್ಟಿತು.

ಶಿವಮಲ್ಲಮ್ಮ ಕತ್ತು ತಿರುಗಿಸಿ ಬೀದಿಯ ಕಡೆ ನೋಡಿದಳು.

ಭವನದಿಂದ ಮೂವತ್ತು ಹೆಜ್ಜೆ ಆಚೆ ದನಗಳಿಗೆ ನೀರು ಕುಡಿಯಲು ಕಟ್ಟಿಸಿದ ತೊಟ್ಟಿ. ಅದರ ಪಕ್ಕದಲ್ಲಿ ಒಂಟಿ ಗಂಡಾನೆ ನಿಂತಿತ್ತು. ನಟರಾಜಪ್ಪನ ಕಬ್ಬಿನಲ್ಲಿ ಬೆಳಗಿನಿಂದ ಅವಿತಿದ್ದದ್ದು ಬಾಯಾರಿ ಊರೊಳಗೇ ಬಂದಿತ್ತು. ಸೊಂಡಿಲನ್ನು ತೊಟ್ಟಿಗೆ ಇಳಿಬಿಟ್ಟು ಸಾವಧಾನವಾಗಿ ಕುಡಿಯುತ್ತಿತ್ತು. ಪಡಸಾಲೆಗೆ ಮುಂದಿನ ಗೋಡೆಯಿಲ್ಲ, ಕಂಬಗಳಷ್ಟೇ. ಹಿಂದಿನ ಕೋಣೆಗೆ ಬೀಗ. ಅಲ್ಲಿದ್ದವರಲ್ಲಿ ಓಡಬಲ್ಲವರು ಪರಿಮಳ ಒಬ್ಬಳೇ.

ಪರಿಮಳ ಬಗ್ಗಿ ಶಿವಮಲ್ಲಮ್ಮನ ಕಿವಿಯಲ್ಲಿ ಉಸುರಿದಳು. ‘ಫಾರೆಸ್ಟ್ ಕಾವಲಿನ ಮುನಿಯಣ್ಣ ಫೋನ್ ಮಾಡವ್ರೆ ದೊಡ್ಡವ್ವ. ಜೀಪ್ ಬತ್ತಾ ಅದಂತೆ. ಅಲ್ಲೀಗಂಟ ಯಾರೂ ಅಲ್ಲಾಡಬ್ಯಾಡಿ, ಅದು ನೀರ್ ಕುಡ್ದು ತಾನೇ ಓಯ್ತದೆ ಅಂದ್ರು.’

ಅಲ್ಲಾಡಬೇಡಿ. ಉಳಿದ ಏಳು ಮುದಿಜೀವಗಳಿಗೆ ಅದನ್ನು ಹೇಳಬೇಕಾದ ಅಗತ್ಯವೇ ಇರಲಿಲ್ಲ, ಕಂಡವರೆಲ್ಲ ಕುರ್ಚಿಗೆ ಅಂಟಿಹೋಗಿದ್ದರು. ಅಲ್ಲಾಡುವವನು ಒಬ್ಬನೇ. ಆಟ ನಿಂತರೆ ಅವನು ಏಳುತ್ತಾನೆ. ಆಟ ಮುಗಿದರೂ ಏಳುತ್ತಾನೆ. ಎದ್ದು ತಿರುಗಿದರೆ ಎದುರಿಗೆ ಆನೆ, ಕೈಗೆ ಸಿಗುವಂತೆ ಕುಡಿಯುವ ನೀರಿನ ಸ್ಟೀಲ್ ಕೊಡ. ಮೂವತ್ತು ವರ್ಷ ಅವಳು ಅಟ್ಟಣೆಯಿಂದ ಬರುವ ಸುದ್ದಿಗೆ ಹೆದರಿಕೊಂಡು ಬದುಕಿದ್ದಳು. ಈಗ ಅದೇ ಸುದ್ದಿ ಕಣ್ಣೆದುರಿಗೇ ಬಂದು ನೀರು ಕುಡಿಯುತ್ತಿತ್ತು.

ಮಾದೇವ ಹತ್ತನೇ ಹೊಲ ಹೇಳಿ ಚೆಂಡನ್ನು ಅವಳ ಮಡಿಲಿಗೆ ಹಾಕಿದ. ಹನ್ನೊಂದನೆಯದು ಮಹದೇವಪ್ರಸಾದರ ಬಾಳೆ ತೋಟ. ಇನ್ನು ಮೂರೇ ಹೊಲ ದಾಟಿದರೆ ಕೂಗು.

‘ಅಳ್ಳದ ಒಲ’ ಅಂದಳು ಶಿವಮಲ್ಲಮ್ಮ.

ಜನ್ಮದಲ್ಲಿ ತಪ್ಪದವಳು ತಪ್ಪಿದ್ದಳು. ಮಾದೇವ ನಕ್ಕುಬಿಟ್ಟ. ‘ಬಾಳೆ ತ್ವಾಟ ಎತ್ಲಾಗೋಯ್ತು? ಆನೆ ತಿಂತಾ?’

ಆ ಮಾತು ಬಿದ್ದದ್ದೇ ಎಲ್ಲರ ಕಣ್ಣೂ ಅವನ ಕಾಲಿನ ಕಡೆ ಹೋದವು. ಆದರೆ ಅದು ಅವನ ಬಾಯಿಂದಲೇ, ತಮಾಷೆಗೆ ಬಂದ ಮಾತು. ಅವನು ಎದ್ದಿಲ್ಲ. ಶಿವಮಲ್ಲಮ್ಮ ಚೆಂಡನ್ನು ಪಕ್ಕದ ಚಿಕ್ಕಬಸಮ್ಮನಿಗೆ ದಾಟಿಸುತ್ತ ಅವಳ ಕೈಯನ್ನು ಗಟ್ಟಿಯಾಗಿ ಅದುಮಿದಳು. ಚಿಕ್ಕಬಸಮ್ಮ ದಡ್ಡಿಯಲ್ಲ. ಕೂಲಿ ಇಲ್ಲ ಕಣ ಅನ್ನಲಿಲ್ಲ. ಮೆಲ್ಲಗೆ ಕಟ್ಟೆ ಹೊಲದಿಂದ ಶುರು ಮಾಡಿದಳು.

ಎಲ್ಲರೂ ಸದ್ದಿಲ್ಲದೆ ರಾಗಿ ಕೊಯ್ದರು. ಸದ್ದಿಲ್ಲದೆ ನೀರು ಸೇದಿದರು. ಗಾಳಿಯಲ್ಲಿ ಹೂ ಬಿಡಿಸಿದರು. ಆನೆ ಸೊಂಡಿಲು ಎತ್ತಿ ಬೆನ್ನ ಮೇಲೆ ನೀರು ಚೆಲ್ಲಿಕೊಂಡಿತು. ಆ ಸದ್ದಿಗೆ ಮಾದೇವ ಕತ್ತು ಹೊರಳಿಸಬೇಕು ಅನ್ನುವಷ್ಟರಲ್ಲಿ ಶಿವಮಲ್ಲಮ್ಮ, ‘ಐಕ್ಳು ನಲ್ಲಿ ಬುಟ್ಟವೆ, ನೀವ್ ಇತ್ಲಾಗ್ ನೋಡ್ರಿ’ ಅಂದಳು. ಚೆಂಡು ಮತ್ತೆ ಚಿಕ್ಕಬಸಮ್ಮನಿಗೆ ಬಂತು, ಹತ್ತನೇ ಹೊಲ. ಅವಳು ಬೇಕೆಂತಲೇ ಎರಡು ಹೊಲ ಹಾರಿಸಿದಳು. ಮಾದೇವ ತಪ್ಪು ಹಿಡಿದ. ಮತ್ತೆ ಮೊದಲಿನಿಂದ. ಆ ಸುತ್ತಿನಲ್ಲಿ ಹನ್ನೆರಡನೇ ಹೊಲಕ್ಕೆ ಎದುರಿಗೆ ಕೂತ ಕನ್ನಡಕದ ಅಜ್ಜಿ ತಪ್ಪಿದಳು. ಅವಳು ಬೇಕೆಂತ ತಪ್ಪಿದಳೋ, ಹೆದರಿ ತಪ್ಪಿದಳೋ, ಶಿವನೇ ಬಲ್ಲ.

ಈ ಸಲ ಮಾದೇವ ನಗಲಿಲ್ಲ. ಹುಬ್ಬು ಗಂಟಾಯಿತು. ಎರಡೂ ಕೈ ಕುರ್ಚಿಯ ತೋಳಿಗೆ ಹೋದವು.

‘ಏನಾಗದೆ ಇವತ್ತು ನಿಮ್ಗೆಲ್ಲ? ಇನ್ನೊಂದ್ಕಿತ ತಪ್ಪಿದ್ರೆ ನಾನ್ ಕೂರಾಕಿಲ್ಲ. ಎದ್ದೋಯ್ತೀನಿ, ಅಷ್ಟೇಯ.’

ಅಲ್ಲಿಗೆ ಆ ದಾರಿಯೂ ಮುಚ್ಚಿತು. ತಪ್ಪಿದರೆ ಏಳುತ್ತಾನೆ, ಸರಿ ಹೇಳಿ ಮುಗಿಸಿದರೂ ಏಳುತ್ತಾನೆ. ಶಿವಮಲ್ಲಮ್ಮ ಪರಿಮಳಳ ಮುಖ ನೋಡಿದಳು. ಪರಿಮಳ ಫೋನು ನೋಡಿಕೊಂಡು ತಲೆಯಾಡಿಸಿದಳು, ಜೀಪು ಇನ್ನೂ ಬಂದಿಲ್ಲ. ಎದುರು ಮನೆಗಳ ಕಿಟಕಿ ಸಂದಿಯಲ್ಲಿ ಕಣ್ಣುಗಳು ಕಂಡವು. ಯಾರಾದರೂ ಒಬ್ಬ ಕೂಗಿದರೆ ಮುಗಿಯಿತು.

ಕೊನೇ ಸುತ್ತು ಶುರುವಾಯಿತು. ಹೊಲ ಹೇಳುವವರು ಎಳೆದೆಳೆದು ಹೇಳಿದರು, ಕೆಲಸವನ್ನು ಎರಡೆರಡು ಪಾಲು ಮಾಡಿದರು. ಮೂರನೆಯದು ಚಿಕ್ಕಮಾದನ ಸರದಿ. ಹಿಂದಿನ ಸುತ್ತುಗಳಲ್ಲಿ ಅವನ ಕೂಗಿಗೆ ಆನೆ ಕಿವಿ ಆಡಿಸಿ ಸುಮ್ಮನಾಗಿತ್ತು. ಅವನಿಗೆ ಹಿಂದೆ ನಿಂತದ್ದರ ಸುಳಿವೇ ಇಲ್ಲ. ‘ಬಾವಿ ಒಲ’ ಎಂದು ಗಂಟಲು ಬಿಚ್ಚಿ ಅರಚಿದ. ಆನೆಯ ಕಿವಿಗಳು ಅಗಲವಾಗಿ ನಿಂತುಬಿಟ್ಟವು. ಸೊಂಡಿಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅದು ಪಡಸಾಲೆಯ ಕಡೆಗೇ ತಿರುಗಿ ಎರಡು ಹೆಜ್ಜೆ ಇಟ್ಟು ನಿಂತಿತು. ಯಾರ ಕೈಯೂ ಅಲುಗಲಿಲ್ಲ. ಮಾದೇವ ಒಬ್ಬನೇ ನೀರು ಸೇದುತ್ತಿದ್ದ, ಲಯವಾಗಿ, ಸಣ್ಣ ದನಿಯಲ್ಲಿ ಏನನ್ನೋ ಗುನುಗಿಕೊಳ್ಳುತ್ತ. ಬಹಳ ಹೊತ್ತಿನ ಮೇಲೆ ಕಿವಿಗಳು ಮಡಚಿಕೊಂಡವು, ಸೊಂಡಿಲು ಮತ್ತೆ ತೊಟ್ಟಿಗೆ ಇಳಿಯಿತು.

ನಾಲ್ಕು, ಐದು, ಆರು. ಹೊಲಗಳು ಹೀಗೆ ಬೇಗ ಮುಗಿಯುತ್ತವೆಂದು ಶಿವಮಲ್ಲಮ್ಮನಿಗೆ ಯಾವತ್ತೂ ಅನ್ನಿಸಿರಲಿಲ್ಲ. ಬಿಸಿಲಲ್ಲಿ ಸೊಂಟ ಬಿದ್ದುಹೋಗುವಾಗ ಒಂದೊಂದು ಸಾಲೂ ಮುಗಿಯದೆ ಬೆಳೆಯುತ್ತಿತ್ತಲ್ಲ, ಆ ಸಾಲುಗಳೆಲ್ಲ ಈಗ ಎಲ್ಲಿ ಹೋದವು ಎಂದು ಅವಳಿಗೆ ಸಿಟ್ಟು ಬಂತು. ಹನ್ನೆರಡನೆಯದು ಮತ್ತೆ ಚಿಕ್ಕಮಾದನದೇ. ಈ ಸಲ ಪರಿಮಳ ತುಟಿಯ ಮೇಲೆ ಬೆರಳಿಟ್ಟು ಅವನ ಮುಂದೆ ಮಂಡಿಯೂರಿದಳು. ಅವನು ಕಕ್ಕಾಬಿಕ್ಕಿಯಾಗಿ ಸಣ್ಣಗೆ ಹೇಳಿದ. ಹದಿಮೂರು ಮಾದೇವನದು. ಅರಿಶಿನದ ಹೊಲ. ಹಿಮ್ಮಡಿಯಿಂದ ನೆಲ ಗುದ್ದಿದ, ಒಬ್ಬನೇ, ಗಟ್ಟಿಯಾಗಿ. ಆಮೇಲೆ ಚೆಂಡನ್ನು ಹೆಂಡತಿಯ ಮಡಿಲಿಗಿಟ್ಟು ಕಾದು ಕೂತ. ಅವನ ಹಿಮ್ಮಡಿ ಆಗಲೇ ಏಳಲು ತಯಾರಾಗಿ ಹಿಂದಕ್ಕೆ ಸರಿದಿತ್ತು.

ಹದಿನಾಲ್ಕನೇ ಹೊಲ. ತಪ್ಪು ಹೇಳುವ ಹಾಗಿಲ್ಲ, ಸರಿ ಹೇಳುವ ಹಾಗಿಲ್ಲ. ಶಿವಮಲ್ಲಮ್ಮ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಯೋಚನೆ ಮಾಡಿ ಆಡಿದ ಮಾತಲ್ಲ ಅದು, ತಾನೇ ಹೊರಬಿತ್ತು.

‘ನಂಗೊತ್ತಿಲ್ಲ ಕಣಿ.’

‘ಏನಂದೆ?’

‘ಮರ್ತೋಗದೆ. ಯಾವ್ದೂ ಗ್ಯಾಪಕ ಬತ್ತಾ ಇಲ್ಲ.’ ಅವಳ ದನಿ ನಡುಗುತ್ತಿತ್ತು, ಅದರಲ್ಲಿ ನಟನೆ ಏನೂ ಇರಲಿಲ್ಲ. ‘ಯಾವ ಒಲ ಅದು?’

ಮಾದೇವ ಅವಳನ್ನೇ ನೋಡಿದ. ಎರಡು ವರ್ಷದಿಂದ ಅವನು ಅವಳನ್ನು ಹಾಗೆ ನೋಡಿರಲಿಲ್ಲ, ಬಾಗಿಲು ನೋಡಿದಂತೆ, ಗೋಡೆ ನೋಡಿದಂತೆ ನೋಡುತ್ತಿದ್ದ. ಈಗ ಕಣ್ಣು ಕಿರಿದು ಮಾಡಿ, ಅವಳ ಮುಖದಲ್ಲಿ ಏನನ್ನೋ ಹುಡುಕಿದ. ಕುರ್ಚಿಯ ತೋಳು ಹಿಡಿದಿದ್ದ ಕೈ ಬಿಟ್ಟುಕೊಂಡಿತು. ಆ ಕೈ ಬಂದು ಅವಳ ಕೈಯ ಮೇಲೆ ಕೂತಿತು.

‘ಮೂವತ್ತೊರ್ಸ ಬುತ್ತಿ ತಂದ್ಕೊಟ್ಟೆಯಲ್ಲಮ್ಮಿ’ ಅಂದ, ಬೇರೆಯವರಿಗೆ ಕೇಳಬಾರದು ಎಂಬಂತೆ, ತೀರ ತಗ್ಗಿದ ದನಿಯಲ್ಲಿ. ‘ನನ್ನ ಒಲ ಕಣ ಅದು.’

‘ಗೊತ್ತಾಗ್ನಿಲ್ಲ.’

‘ಎದುರ್ಕಬ್ಯಾಡ. ನಾನಿಲ್ವಾ? ಮೊದ್ಲಿಂದ ಏಳ್ಕೊಡ್ತೀನಿ. ಅಳಬ್ಯಾಡ, ಐಕ್ಳೆಲ್ಲ ನೋಡ್ತವೆ.’

ಅವನು ಕುರ್ಚಿಯಲ್ಲೇ ಅವಳ ಕಡೆಗೆ ವಾಲಿಕೊಂಡು, ಕಿವಿಯ ಹತ್ತಿರ ಬಾಯಿ ತಂದು ಕಟ್ಟೆ ಹೊಲದಿಂದ ಶುರು ಮಾಡಿದ. ಇದು ಕಟ್ಟೆ ಹೊಲ, ಇಲ್ಲಿ ನೀನು ಬೆರಳು ಕುಯ್ದುಕೊಂಡದ್ದು. ಇದು ಹುಣಸೆಮರದ ಹೊಲ, ಇಲ್ಲೇ ಸ್ವಾಮಿಯನ್ನು ಸೀರೆ ಜೋಲಿಯಲ್ಲಿ ಮಲಗಿಸುತ್ತಿದ್ದೆ. ಸ್ವಾಮಿಯ ಹೆಸರು ಅವನ ಬಾಯಲ್ಲಿ ಬಂದದ್ದಕ್ಕೆ ಅವಳು ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಅವಳ ಕಣ್ಣು ಮಾತ್ರ ಅವನ ಭುಜದಾಚೆ, ತೊಟ್ಟಿಯ ಮೇಲಿತ್ತು. ಆನೆ ನೀರು ಸಾಕೆಂದು ಸೊಂಡಿಲು ಒದರಿತು. ಬೀದಿಯ ನಡುವೆ ಒಂದು ಗಳಿಗೆ ನಿಂತು ಗಾಳಿ ನೋಡಿತು. ಮಾದೇವ ಬಾವಿ ಹೊಲ ಮುಗಿಸಿ, ಅವಳ ಕೈ ಹಿಡಿದು ನೀರು ಸೇದುವುದನ್ನು ತೋರಿಸುತ್ತಿದ್ದ. ಆನೆ ಬಂದ ದಾರಿ ಬಿಟ್ಟು ಕೆರೆಯ ಕಡೆಯ ಓಣಿಗೆ ಇಳಿಯಿತು. ಮೊದಲು ತಲೆ, ಆಮೇಲೆ ಬೆನ್ನು ಮರೆಯಾಯಿತು. ಸ್ವಲ್ಪ ಹೊತ್ತಿಗೆ ಜೀಪಿನ ಸದ್ದು ಕೇಳಿಸಿತು. ಮಾದೇವ ತಿರುಗಿ ನೋಡಲಿಲ್ಲ. ಅವನಿಗೆ ಬೇರೆ ಕೆಲಸವಿತ್ತು.

ಚಿಕ್ಕಬಸಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಕನ್ನಡಕದ ಅಜ್ಜಿಗೆ ನೀರು ಕುಡಿಸಬೇಕಾಯಿತು. ಪರಿಮಳ ಶಿವಮಲ್ಲಮ್ಮನ ಕಾಲ ಬಳಿ ಕುಸಿದು ಕೂತಳು. ಮಾದೇವ ಅವಳನ್ನು ಸನ್ನೆ ಮಾಡಿ ಹತ್ತಿರ ಕರೆದ.

‘ಇವ್ಳಿಗೂ ಮರವು ಸುರುವಾಗದೆ ಕಣವ್ವ’ ಅಂದ. ‘ಏನಾದ್ರೂ ಮಾತ್ರೆ ಇದ್ರೆ ಕೊಡು. ಒಬ್ಬಳನ್ನೇ ಎತ್ಲಾಗೂ ಬುಡಬ್ಯಾಡಿ.’

ನಿಜ ಹೇಳಿಬಿಡಬಹುದಿತ್ತು. ಎಲ್ಲ ಹೊಲಗಳೂ ನೆನಪಿವೆ ಕಣಿ, ನಿಮ್ಮ ಜೀವಕ್ಕಾಗಿ ಸುಳ್ಳಾಡಿದೆ ಅನ್ನಬಹುದಿತ್ತು. ಶಿವಮಲ್ಲಮ್ಮ ಅನ್ನಲಿಲ್ಲ. ‘ಅಟ್ಟಿಗೆ ಕರ್ಕೊಂಡೋಗಿ, ನಮ್ಮನೆ ದಾರಿ ತಿಳೀತಾ ಇಲ್ಲ’ ಅಂದಳು.

ಅವನು ಎದ್ದು ಅವಳ ಮಣಿಕಟ್ಟು ಹಿಡಿದುಕೊಂಡ. ದಿನಾ ಎಳೆದ ಕಡೆ ಬರುತ್ತಿದ್ದವನು ಅವತ್ತು ಮುಂದೆ ನಡೆದ. ಕಲ್ಲು ಬಂದ ಕಡೆ ‘ನೋಡ್ಕಂಡು’ ಅಂದ. ದೊಡ್ಡ ಬೀದಿ ಮುಗಿದು ದಾರಿ ಎರಡಾಗುವಲ್ಲಿ ಬಂದಾಗ ನಿಂತುಬಿಟ್ಟ. ಎಡಕ್ಕೆ ಕಾಡಿನ ಕಡೆಯ ಹಾದಿ, ಬಲಕ್ಕೆ ಮನೆ. ಅವನ ಮುಖದಲ್ಲಿ ಮತ್ತೆ ಮಂಜು ಕವಿಯುವುದು ಅವಳಿಗೆ ಕಂಡಿತು. ದಾರಿ ತೋರಿಸಲು ಏಳುತ್ತಿದ್ದ ಕೈಯನ್ನು ತಡೆದು, ಏನೂ ತಿಳಿಯದವಳ ಹಾಗೆ ಅವನ ಪಕ್ಕದಲ್ಲಿ ನಿಂತಳು. ಅವನು ಅವಳ ಕಡೆ ಒಮ್ಮೆ ನೋಡಿದ. ತಾನು ತಪ್ಪಿದರೆ ಇವಳೂ ತಪ್ಪುತ್ತಾಳೆ ಎಂಬುದು ಅವನಿಗೆ ಅರ್ಥವಾಗಿತ್ತು. ಎಷ್ಟೋ ಹೊತ್ತು ನಿಂತು, ಆಮೇಲೆ ಬಲಕ್ಕೆ ತಿರುಗಿದ.

ಬಾಗಿಲ ಮುಂದೆ ಬಂದು ಅವಳ ಕೈಯನ್ನು ಹೊಸಿಲಿನ ಪಕ್ಕದ ಕಂಬಕ್ಕೆ ಮುಟ್ಟಿಸಿದ.

‘ಇದೇ ನಮ್ಮಟ್ಟಿ’ ಅಂದ ಮಾದೇವ. ‘ಗ್ಯಾಪಕ ಮಡಿಕ.’